43 ಮತ್ತು 39: ಮಾವನ ಜೀಪಿನ ಹೌಸಿಂಗ್ ನಮ್ಮ ಜೀಪಿಗೆ ಕೂರಿಸಿದ ಕೆಲಸ

ನಿನ್ನೆ, ಮೇ 25ರ ಸಂಜೆ, ಸಿರುಗುಪ್ಪ ಹತ್ತಿರದ ನಮ್ಮ ಹೊಲದಿಂದ ಟಾರ್ ರಸ್ತೆಗೆ ಹತ್ತಿ ಫೋರ್ ವೀಲ್ (ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ) ಲಿವರ್ ತೆಗೆಯಲು ಹಿಡಿದೆ. ಎರಡೇ ಬೆರಳಿಗೆ ಬಿಟ್ಟುಕೊಂಡಿತು. ಆರು ವಾರದಿಂದ ಇದೊಂದಕ್ಕೇ ಕಾಯುತ್ತಿದ್ದೆ. ಹಳೇ ಜೀಪು ಇಟ್ಟುಕೊಂಡು ಇಂಥ ಕೆಲಸಕ್ಕೆ ಕೈ ಹಾಕುವವರು ಇನ್ನೂ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ತಾರೀಖಿನ ಪ್ರಕಾರ ಬರೆಯುತ್ತಿದ್ದೇನೆ. ತಪ್ಪು ಮಾಡಿದ ಕಡೆ ಸ್ವಲ್ಪ ಜಾಸ್ತಿನೇ ಬರೆದಿದ್ದೇನೆ.

ಗಾಡಿಗಳು

ಎರಡೂ ಮಹೀಂದ್ರ ಎಂಎಂ 540. 2112 ಸಿಸಿಯ ಪ್ಯೂಜೋ ಡೀಸೆಲ್ ಇಂಜಿನ್, ನಾಲ್ಕು ಗೇರು, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಎರಡು ಲಿವರಿನ ಟ್ರಾನ್ಸ್‌ಫರ್ ಕೇಸ್. ನಮ್ಮದು ಹೊಲದ ಗಾಡಿ. ಎರೆ ಮಣ್ಣು, ಕಾಲುವೆ ದಂಡೆ, ಭತ್ತದ ಚೀಲದ ಟ್ರೇಲರ್, ಅಷ್ಟೇ ಅದರ ಬದುಕು. ಇನ್ನೊಂದು ಸೋದರಮಾವನದು, ಸಂಡೂರು ತಾಲ್ಲೂಕಿನಲ್ಲಿದೆ. ಗಣಿ ಜೋರಾಗಿದ್ದ ಕಾಲದಲ್ಲಿ ಗುತ್ತಿಗೆದಾರರಿಗೆ ಬಾಡಿಗೆ ಓಡುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬಾಡಿಗೆ ನಿಂತಿತು. ಆಮೇಲೆ ಮನೆ ಕೆಲಸಕ್ಕೆ ಓಡಿತು. ಆರು ವರ್ಷದ ಹಿಂದೆ ಇಂಜಿನ್ ಸೀಜ್ ಆಯಿತು. ಅವತ್ತಿಂದ ಬೇವಿನ ಮರದ ಕೆಳಗೇ ನಿಂತಿದೆ.

ಮುರಿದದ್ದು ಏನು

ಡಿಸೆಂಬರಿನಲ್ಲಿ ಭತ್ತದ ಟ್ರೇಲರ್ ಕೆಸರಿಂದ ಎಳೆಯುವಾಗ ಹಿಂದಿನ ಹೌಸಿಂಗಿನಲ್ಲಿ (ಎರಡು ಚಕ್ರಗಳ ನಡುವಿನ ಎಕ್ಸಲ್, ಗೇರುಗಳ ಕವಚ) ಒಂದು ಸಲ ಜೋರಾಗಿ ಸದ್ದಾಯಿತು. ಆಮೇಲೆ ಚಕ್ರ ತಿರುಗಿದಂತೆಲ್ಲಾ ಟಕ್ ಟಕ್. ಆಯಿಲ್ ಇಳಿಸಿದರೆ ಅದರ ಜೊತೆ ಹಲ್ಲಿನ ಚೂರೂ ಬಂತು. ಕವರ್ ಬಿಚ್ಚಿ ನೋಡಿದೆ. ಚಕ್ರಗಳನ್ನು ತಿರುಗಿಸುವ ದೊಡ್ಡ ಗೇರು, ಕ್ರೌನಿನ ಎರಡು ಹಲ್ಲು ಅರ್ಧಕ್ಕೆ ಹೋಗಿದ್ದವು. ಅದನ್ನು ತಿರುಗಿಸುವ ಸಣ್ಣ ಗೇರು, ಪಿನಿಯನ್ನಿನ ಒಂದು ಹಲ್ಲಿನ ಮೂಲೆ ಇರಲಿಲ್ಲ.

ಇದರ ಜೊತೆ ಹಳೇ ಕಾಯಿಲೆ ಒಂದಿತ್ತು. ಲೋ (ಭಾರ ಎಳೆಯುವ ನಿಧಾನದ ಗೇರು) ಹಾಕಿದರೆ ಭಾರ ಬಿದ್ದಾಗ ಲಿವರ್ ತಾನಾಗೇ ಕಳಚುತ್ತಿತ್ತು. ಟ್ರಾನ್ಸ್‌ಫರಿನ ಹಿಂದಿನ ಸೀಲ್ ಸೋರಿ ಹ್ಯಾಂಡ್ ಬ್ರೇಕ್ ಆಯಿಲಿನಲ್ಲಿ ಮುಳುಗಿತ್ತು. ಈ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಹಿಂದಿನ ಚಕ್ರದಲ್ಲಿ ಇರಲ್ಲ, ಟ್ರಾನ್ಸ್‌ಫರಿನ ಬೆನ್ನಿಗೆ ಇರುತ್ತದೆ. ಅಲ್ಲಿ ಸೀಲ್ ಹೋದರೆ ಬ್ರೇಕೂ ಹೋಯಿತು ಅಂತಲೇ ಲೆಕ್ಕ.

ಬಳ್ಳಾರಿಯಲ್ಲಿ ಎರಡು ಅಂಗಡಿ ಕೇಳಿದೆ. ಒಂದು ಕಡೆ ಕ್ರೌನ್-ಪಿನಿಯನ್ ಸೆಟ್ ಇರಲಿಲ್ಲ. ಇನ್ನೊಂದು ಕಡೆ ₹14,500 ಹೇಳಿದರು, ತರಿಸಿ ಕೊಡಲು ಮೂರು ವಾರ ಬೇಕು ಅಂದರು. ಆಗ ಮಾವನ ಜೀಪು ನೆನಪಾಯಿತು.

ಮಾವ ಒಪ್ಪಿದರು, ಆದರೆ ಒಂದು ಮಾತು ಹಾಕಿದರು. "ಏನ್ ಬೇಕಾದ್ರೂ ಬಿಚ್ಕೋ ಅಳಿಯಾ. ಆದ್ರ ನನ್ನ ಗಾಡಿ ಇಟ್ಟಂಗಿ ಮ್ಯಾಲ ನಿಂದ್ರಬಾರದು." ಅಂದರೆ ಅವರ ಜೀಪಿಂದ ಏನು ತೆಗೆದರೂ ನಮ್ಮದನ್ನು ಅಲ್ಲಿ ಕೂರಿಸಿ, ಗಾಡಿ ನಾಲ್ಕು ಚಕ್ರದ ಮೇಲೆ ನಿಲ್ಲಬೇಕು. ಕೆಲಸ ಎರಡರಷ್ಟಾಗುತ್ತದೆ. ಆದರೂ ಒಪ್ಪಿಕೊಂಡೆ. ಅವರು ಆ ಗಾಡಿಯಲ್ಲೇ ಇಬ್ಬರು ಮಕ್ಕಳ ಓದು ಮುಗಿಸಿದವರು.

1. ಏಪ್ರಿಲ್ 13: ಎಣಿಕೆ ತಪ್ಪಿದ್ದು

ಹಿಂದಿನ ದಿನವೇ ನಮ್ಮ ಜೀಪನ್ನು ಮಿನಿ ಲಾರಿಗೆ ಹತ್ತಿಸಿ ಮಾವನ ಊರಿಗೆ ತಂದಿದ್ದೆ. ಬಾಡಿಗೆ ₹4,500.

ಹೌಸಿಂಗ್ ಬದಲಿಸುವ ಮುಂಚೆ ರೇಶಿಯೋ ನೋಡಬೇಕು ಅಂತ ಗೊತ್ತಿತ್ತು. ಒಂದು ಹಿಂದಿನ ಚಕ್ರ ನೆಲದ ಮೇಲೆ, ಇನ್ನೊಂದು ಜಾಕಿಯ ಮೇಲೆ. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿದರೆ ಕ್ರೌನ್ ಒಂದು ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಹೌಸಿಂಗಿಗೆ ಬಲ ತರುವ ಉದ್ದನೆಯ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಎಣಿಸಿದೆ.

ನಮ್ಮ ಜೀಪು: ಐದು ಸುತ್ತು, ಮೇಲೆ ಸ್ವಲ್ಪ. ಮಾವನ ಜೀಪು: ಐದಕ್ಕೆ ಸ್ವಲ್ಪ ಕಡಿಮೆ. ಪುಸ್ತಕದಲ್ಲಿ ಎರಡಕ್ಕೂ "5" ಅಂತ ಬರೆದೆ. ಚಕ್ರ ಕೈಯಲ್ಲಿ ತಿರುಗಿಸುವಾಗ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತೆ ಅಲ್ವಾ, ಅಂತ ಅಂದುಕೊಂಡೆ.

ಇಡೀ ಕೆಲಸದ ದೊಡ್ಡ ತಪ್ಪು ಇದೇ. ಡಿಸೆಂಬರಿನಲ್ಲಿ ಕವರ್ ತೆಗೆದಾಗಲೇ ಹಲ್ಲು ಎಣಿಸಬಹುದಿತ್ತು. ಮುರಿದ ಹಲ್ಲು ನೋಡಿದೆ, ಉಳಿದ ಹಲ್ಲು ಎಣಿಸಲಿಲ್ಲ. ನಮ್ಮ ಜೀಪಿನ ಮುಂದಿನ ಹೌಸಿಂಗ್ ಕಡೆ ಅವತ್ತು ತಿರುಗಿಯೂ ನೋಡಲಿಲ್ಲ.

2. ಏಪ್ರಿಲ್ 19, 20: ಹಿಂದಿನ ಹೌಸಿಂಗ್ ಅದಲು ಬದಲು

ಬೆಳಿಗ್ಗೆ ಆರಕ್ಕೆ ಶುರು, ಹತ್ತಕ್ಕೆ ನಿಲ್ಲಿಸುವುದು. ಮತ್ತೆ ಐದರ ಮೇಲೆ. ಏಪ್ರಿಲ್ ಬಿಸಿಲಿಗೆ ಹೊರಗಿಟ್ಟ ಪಾನ ಅರ್ಧ ಗಂಟೆಯಲ್ಲಿ ಕೈ ಸುಡುತ್ತದೆ. ಮಾವನ ಪರಿಚಯದ ಮಿಸ್ತ್ರಿ ಚಾಚಾ ಒಬ್ಬರು ಬಂದರು. ಜೀಪಿನ ಕೆಲಸ ಮಾಡಿ ಮಾಡಿ ಕೈ ಪಳಗಿದವರು.

ಹೌಸಿಂಗ್ ಪೂರ್ತಿಯಾಗಿ ಬದಲಿಸುವುದು ಕಷ್ಟದ ಕೆಲಸ ಅಲ್ಲ. ಪ್ರೊಪೆಲರ್ ಶಾಫ್ಟ್ ಬಿಚ್ಚಬೇಕು, ಬ್ರೇಕ್ ಹೋಸ್ ಬಿಚ್ಚಬೇಕು, ನಾಲ್ಕು ಯು ಬೋಲ್ಟ್ ಬಿಚ್ಚಬೇಕು. ಹ್ಯಾಂಡ್ ಬ್ರೇಕ್ ಕೇಬಲ್ ಹಿಂದಕ್ಕೆ ಬಂದೇ ಇರಲ್ಲ, ಅದೊಂದು ಅನುಕೂಲ. ಚಾಸಿಸ್ಸಿಗೆ ಮರದ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಿದೆವು. ಜಾಕಿ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಲಿಲ್ಲ.

ಹೊತ್ತು ತಿಂದದ್ದು ಯು ಬೋಲ್ಟ್. ಮಾವನ ಜೀಪಿನ ನಟ್ಟುಗಳು ಆರು ವರ್ಷದಿಂದ ಅಲ್ಲಾಡಿಲ್ಲ. ರಾತ್ರಿಯೆಲ್ಲಾ ಡೀಸೆಲ್ ಹಾಕಿ ಬಿಟ್ಟಿದ್ದೆವು. ಆದರೂ ಮೂರು ಬರಲಿಲ್ಲ, ಚಾಣದಲ್ಲಿ ಕಡಿದೆವು. ಹಳೇ ಯು ಬೋಲ್ಟ್ ಮತ್ತೆ ಹಾಕಬಾರದು ಅಂತ ಚಾಚಾ ಹಠ ಹಿಡಿದರು. ಎರಡೂ ಗಾಡಿಗೆ ಸೇರಿ ಎಂಟು ಹೊಸದು ತಂದೆ, ₹1,600.

ಮಾವನ ಹೌಸಿಂಗ್ ಕವರ್ ತೆಗೆದಾಗ ಒಳಗೆ ಹಲ್ಲುಗಳು ಚೆನ್ನಾಗಿದ್ದವು. ಆದರೆ ತಳದಲ್ಲಿ ಕೆಂಪು ಗಸಿ ಕೂತಿತ್ತು. ಬೆರಳಲ್ಲಿ ತಿಕ್ಕಿದರೆ ರಂಗೋಲಿ ಪುಡಿಯಂತೆ ನುಣ್ಣಗೆ, ಜೊತೆಗೆ ಕೈಗೆ ಭಾರ. ಅದಿರಿನ ಧೂಳು. ಹೌಸಿಂಗಿನ ಮೇಲಿನ ಉಸಿರು ಕೊಳವೆ ಅದೇ ಧೂಳಿನಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಆ ಕೊಳವೆ ಮುಚ್ಚಿದರೆ ಒಳಗಿನ ಬಿಸಿ ಗಾಳಿ ಸೀಲ್ ತಳ್ಳಿಕೊಂಡು ಹೊರಗೆ ಬರುತ್ತದೆ. ಪಿನಿಯನ್ ಸೀಲ್ ಸೋರಿದ ಗುರುತು ಅದಕ್ಕೇ ಇತ್ತು. ಮೂರು ಸಲ ಡೀಸೆಲ್‌ನಲ್ಲಿ ತೊಳೆದೆವು. ಕೊಳವೆ ಬಿಡಿಸಿದೆವು, ಸೀಲ್ ಹೊಸದು ಹಾಕಿದೆವು.

ಕವರ್ ತೆಗೆದ ಆ ಹೊತ್ತಲ್ಲೂ ನಾನು ಹಲ್ಲು ಎಣಿಸಲಿಲ್ಲ. "5" ಅಂತ ಬರೆದಾಗಿತ್ತಲ್ಲ.

ನಮ್ಮ ಮುರಿದ ಹೌಸಿಂಗ್ ಮಾವನ ಜೀಪಿಗೆ ಕೂತಿತು. ಚೂರುಗಳನ್ನು ಅಯಸ್ಕಾಂತದಲ್ಲಿ ಎತ್ತಿ, ಆಯಿಲ್ ತುಂಬಿ, ಪ್ರೊಪೆಲರ್ ಶಾಫ್ಟ್ ಹಾಕದೆ ಬಿಟ್ಟೆವು. ತಳ್ಳಿದರೆ ಉರುಳುತ್ತದೆ, ಅಷ್ಟು ಸಾಕು. ನಮ್ಮ ಜೀಪಿನ ಬ್ರೇಕ್ ಗಾಳಿ ತೆಗೆದು ಭಾನುವಾರ ಸಂಜೆ ಹೊರಟೆ. ಬಳ್ಳಾರಿ ಮೇಲೆ ಮನೆಗೆ ನೂರು ಕಿಲೋಮೀಟರ್ ಆಸುಪಾಸು. ಒಂದು ಸದ್ದಿಲ್ಲ. ದಾರಿಯುದ್ದಕ್ಕೂ ಇಂಜಿನ್ ಸ್ವಲ್ಪ ಹಗುರಾಗಿ ಓಡಿದಂತೆ ಅನಿಸಿತು. ಹೊಸ ಆಯಿಲಿನ ಗುಣ ಅಂದುಕೊಂಡೆ.

3. ಏಪ್ರಿಲ್ 24: ಲಿವರ್ ಬರಲಿಲ್ಲ

ಹಳ್ಳದ ದಂಡೆಯ ಕೆಸರಿನಲ್ಲಿ ಫೋರ್ ವೀಲ್ ಹಾಕಿ ನೋಡಿದೆ. ಬಹಳ ಚೆನ್ನಾಗಿ ಹೋಯಿತು. ಅದೇ ಖುಷಿಯಲ್ಲಿ ಲಿವರ್ ತೆಗೆಯದೆ ಟಾರ್ ರಸ್ತೆಗೆ ಹತ್ತಿದೆ. ಐವತ್ತು ಅರವತ್ತು ಅಡಿ ಹೋಗುವಷ್ಟರಲ್ಲಿ ಟಯರ್ ಕೀರಲು ಶುರುವಾಯಿತು. ಗಾಡಿಗೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತೆ. ನಿಲ್ಲಿಸಿ ಲಿವರ್ ಎಳೆದರೆ ಅದು ಅಲ್ಲಾಡಲೇ ಇಲ್ಲ. ರಿವರ್ಸ್ ತೆಗೆದುಕೊಂಡು ಎಳೆದೆ, ಬರಲಿಲ್ಲ. ಕಾಲು ಕೊಟ್ಟು ತಳ್ಳಿದೆ, ಬರಲಿಲ್ಲ.

ಕೊನೆಗೆ ಮುಂದಿನ ಒಂದು ಚಕ್ರಕ್ಕೆ ಜಾಕಿ ಕೊಟ್ಟೆ. ಟಯರ್ ನೆಲ ಬಿಡುತ್ತಿದ್ದ ಹಾಗೆ ಧಡ್ ಅಂತ ಅರ್ಧ ಸುತ್ತು ತಾನಾಗೇ ತಿರುಗಿತು. ನನ್ನ ಕೈ ಟಯರ್‌ನಿಂದ ಒಂದು ಗೇಣು ದೂರ ಇತ್ತು. ದಯವಿಟ್ಟು ಯಾರಾದರೂ ಹೀಗೆ ಸಿಕ್ಕಿಕೊಂಡರೆ ಚಕ್ರದ ಹತ್ತಿರ ಕೈ, ಮುಖ ಇಡಬೇಡಿ. ಬಿಗಿ ಎಲ್ಲಾ ಆ ಒಂದು ಕ್ಷಣದಲ್ಲಿ ಬಿಡುತ್ತದೆ. ಆಮೇಲೆ ಲಿವರ್ ಬಂತು.

ರಾತ್ರಿ ಚಾಚಾಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು: "ಮುಂದಿಂದು ಎಣಿಸಿದ್ಯೇನಪಾ?"

4. ಏಪ್ರಿಲ್ 25: 16 ಸುತ್ತು

ಚಾಚಾ ಹೇಳಿಕೊಟ್ಟ ರೀತಿ ಇದು. ಎರಡು ಸುತ್ತಲ್ಲ, ಹದಿನಾರು ಸುತ್ತು ತಿರುಗಿಸು ಅಂದರು. ಈ ಹೌಸಿಂಗುಗಳ ಪಿನಿಯನ್ನಿಗೆ ಎಂಟು ಹಲ್ಲು. ಎತ್ತಿದ ಚಕ್ರ 16 ಸುತ್ತು ಬಂದರೆ ಕ್ರೌನ್ ಸರಿಯಾಗಿ 8 ಸುತ್ತು. ಆಗ ಶಾಫ್ಟ್ ಬಂದ ಸುತ್ತು ಎಷ್ಟೋ ಕ್ರೌನಿನ ಹಲ್ಲು ಅಷ್ಟೇ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಅನ್ನುವ ಮಾತೇ ಇರಲ್ಲ. ಸೀಮೆಸುಣ್ಣದ ಗೆರೆ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ನಿಲ್ಲಬೇಕು.

ತಮ್ಮ ಚಕ್ರ ತಿರುಗಿಸಿದ, ನಾನು ಕೆಳಗೆ ಮಲಗಿ ಶಾಫ್ಟ್ ಎಣಿಸಿದೆ. ಟ್ರಾನ್ಸ್‌ಫರ್ ನ್ಯೂಟ್ರಲ್, ಟೂ ವೀಲ್. ಹಿಂದೆ 39. ಮುಂದೆ 43. ನಂಬಿಕೆ ಬರದೆ ಇನ್ನೊಂದು ಸಲ ಎಣಿಸಿದೆವು. 39, 43.

ಲೆಕ್ಕ ಹಾಕಿದರೆ 43/8 ಅಂದರೆ 5.375. 39/8 ಅಂದರೆ 4.875. ಎರಡು ಸುತ್ತಿನ ಎಣಿಕೆಯಲ್ಲಿ ಎರಡೂ "ಐದರ ಹತ್ತಿರ" ಕಾಣುತ್ತವೆ. ಆದರೆ ಚಕ್ರಗಳು ಎಂಟು ಸುತ್ತು ಉರುಳುವಷ್ಟರಲ್ಲಿ ಮುಂದಿನ ಶಾಫ್ಟಿಗೆ 43 ಸುತ್ತು ಬೇಕು, ಹಿಂದಿನದಕ್ಕೆ 39. ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತದೆ. ಕೆಸರಿನಲ್ಲಿ ಟಯರ್ ಜಾರಿ ಆ ನಾಲ್ಕು ಸುತ್ತು ಕಳೆದುಹೋಗುತ್ತದೆ. ಟಾರ್ ರಸ್ತೆಯಲ್ಲಿ ಜಾರಲು ಜಾಗ ಎಲ್ಲಿ? ಟಯರ್, ಶಾಫ್ಟಿನ ಕೀಲಿನ ಕ್ರಾಸ್, ಟ್ರಾನ್ಸ್‌ಫರಿನ ಹಲ್ಲು, ಇವುಗಳ ಮೇಲೆ ಬೀಳುತ್ತದೆ.

ಇಂಜಿನ್ ಹಗುರಾಗಿ ಓಡಿದ್ದೂ ಹೊಸ ಆಯಿಲಿನಿಂದಲ್ಲ, ಅದೇ ದೂರಕ್ಕೆ ಶಾಫ್ಟ್ ಕಡಿಮೆ ಸುತ್ತು ತಿರುಗಿದ್ದರಿಂದ ಅಂತ ಆಗ ಗೊತ್ತಾಯಿತು.

ಮಾವನಿಗೆ ಫೋನ್ ಮಾಡಿ ಹೇಳಿದೆ. ಅವರು, "ಹೌದಲ್ಲೋ, ಬಾಡಿಗಿಗೆ ಸ್ಪೀಡ್ ಬೇಕಂತ ಹಿಂದಿಂದು ಮುಂದಿಂದು ಎರಡೂ ಕ್ರೌನ್ ಬದಲಿ ಮಾಡಿಸಿದ್ದೆ" ಅಂದರು. ನಾನು ಕೇಳಿಯೇ ಇರಲಿಲ್ಲ. ಮೂವತ್ತು ವರ್ಷ ಓಡಿದ ಜೀಪು ಎಷ್ಟು ಶೆಡ್ಡಿನಲ್ಲಿ ಎಷ್ಟು ಸಲ ಬಿಚ್ಚಿದೆಯೋ, ಹೊರಗಿನಿಂದ ಯಾವ ಗುರುತೂ ಕಾಣಲ್ಲ. ಮಾಡೆಲ್ ಒಂದೇ ಅಂದರೆ ಒಳಗಿನದೂ ಒಂದೇ ಅಂತಲ್ಲ. ಗಾಡಿಯ ಯಜಮಾನರನ್ನು ಮೊದಲು ಕೂರಿಸಿಕೊಂಡು ಕೇಳಬೇಕಿತ್ತು.

5. ಮೇ 3, 4, 5: ಮುಂದಿನ ಕ್ರೌನ್

ಟೂ ವೀಲ್‌ನಲ್ಲೇ ಓಡಿಸಿಕೊಂಡು ಮತ್ತೆ ಮಾವನ ಊರಿಗೆ ಹೋದೆ. ಮಾವನ ಮುಂದಿನ ಹೌಸಿಂಗ್ ಪೂರ್ತಿ ತರುವಂತಿರಲಿಲ್ಲ. ಎರಡೂ ಕಡೆ ಕಿಂಗ್‌ಪಿನ್ ಬೇರಿಂಗ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲಿನದು) ಹೋಗಿದ್ದವು. ಚಕ್ರ ಹಿಡಿದು ಅಲ್ಲಾಡಿಸಿದರೆ ಬೆರಳಗಲ ಆಟ. ನಮ್ಮದಕ್ಕೆ ಎರಡು ವರ್ಷದ ಹಿಂದೆ ಹೊಸದು ಹಾಕಿಸಿದ್ದೆ. ಹಾಗಾಗಿ ಹೌಸಿಂಗ್ ನಮ್ಮದೇ ಇರಲಿ, ಒಳಗಿನ ಕ್ರೌನ್, ಪಿನಿಯನ್, ಡಿಫರೆನ್ಷಿಯಲ್ (ಎಡ ಬಲದ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗಂಟು) ಮಾತ್ರ ಮಾವನದು ಬರಲಿ ಅಂತ ತೀರ್ಮಾನ. ಕೆಲಸ ಇಲ್ಲಿ ನಿಜವಾಗಿ ಗಟ್ಟಿಯಾಯಿತು.

ಎರಡೂ ಕಡೆ ಹಬ್ ಬಿಚ್ಚಿ ಎಕ್ಸಲ್ ಶಾಫ್ಟ್ ಎಳೆಯುವಷ್ಟರಲ್ಲಿ ಒಂದು ದಿನ. ಡಿಫರೆನ್ಷಿಯಲ್ಲಿನ ಬೇರಿಂಗ್ ಕ್ಯಾಪ್ ಬಿಚ್ಚುವ ಮೊದಲು ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು ಚುಕ್ಕಿ ಪಂಚ್ ಹೊಡೆದೆವು. ಅವು ಅದಲು ಬದಲಾಗಬಾರದು, ತಲೆಕೆಳಗೂ ಆಗಬಾರದು. ಒಳಗಿನ ಗಂಟು ಎರಡು ಟಯರ್ ಲಿವರ್ ಕೊಟ್ಟು ಎಬ್ಬಿಸಿದರೆ ಹೊರಗೆ ಬರುತ್ತದೆ. ಎಡ ಬಲದ ಶಿಮ್ (ಸಂದಿಯ ಅಳತೆ ಹೊಂದಿಸುವ ತೆಳು ತಗಡು) ಬೇರೆ ಬೇರೆ ತಂತಿಯಲ್ಲಿ ಪೋಣಿಸಿ ಚೀಟಿ ಕಟ್ಟಿದೆ. ಕ್ರೌನ್, ಪಿನಿಯನ್ ಯಾವತ್ತೂ ಜೋಡಿ. ಒಂದರದ್ದು ಇನ್ನೊಂದಕ್ಕೆ ಹಾಕುವ ಮಾತೇ ಇಲ್ಲ.

ಪಿನಿಯನ್ನಿನ ತಲೆಯ ಮೇಲೆ ಒಂದು ನಂಬರ್ ಕೆತ್ತಿರುತ್ತದೆ. ನಮ್ಮದಕ್ಕೆ 0, ಮಾವನದಕ್ಕೆ +2. ಅಂದರೆ ಎರಡು ಥೌ (ಇಂಚಿನ ಸಾವಿರದಲ್ಲಿ ಎರಡು ಭಾಗ), ಸುಮಾರು 0.05 ಮಿ.ಮೀ. ವ್ಯತ್ಯಾಸ. ಪ್ಲಸ್ ಅಂದರೆ ಶಿಮ್ ಅಷ್ಟು ಕಡಿಮೆ ಮಾಡಬೇಕು. ನಾನು ಪ್ಲಸ್ ನೋಡಿ ಕೂಡಿಸಿಬಿಟ್ಟೆ. ಚಾಚಾ ಆ ಹೊತ್ತಿನಲ್ಲಿ ನಮಾಜಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಮುಗಿಸೋಣ ಅಂತ ನಾನೇ ಕೂರಿಸಿದ್ದೆ.

ಎಲ್ಲಾ ಕೂರಿಸಿ ಹಲ್ಲಿಗೆ ಹಳದಿ ಬಣ್ಣ ಹಚ್ಚಿ ತಿರುಗಿಸಿದೆವು. ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು ತಿರುಗಿಸಿದರೆ ಅಚ್ಚು ಚೆನ್ನಾಗಿ ಬೀಳುತ್ತದೆ. ಒರೆಸಿಹೋದ ಜಾಗ ಹಲ್ಲಿನ ನಡುವೆ ಇರಬೇಕು. ನಮ್ಮದು ಬುಡದಲ್ಲಿ ಇತ್ತು. ಹಲ್ಲಿನ ತುದಿಯ ಹಳದಿ ಮುಟ್ಟಿದ ಹಾಗೇ ಇರಲಿಲ್ಲ. ಪಿನಿಯನ್ ಕ್ರೌನಿನ ಹತ್ತಿರಕ್ಕೆ ಜಾಸ್ತಿ ನುಗ್ಗಿದೆ ಅಂತ ಅದರ ಅರ್ಥ. ಚಾಚಾ ಬಂದು ಅಚ್ಚು ನೋಡಿ, ನಂಬರ್ ನೋಡಿ, ನನ್ನ ಚೀಟಿ ನೋಡಿದರು. ಬೈಯಲಿಲ್ಲ. "ತೆಗಿ, ಮತ್ತ ಹಾಕೋಣ" ಅಂದರು.

ಮತ್ತೆ ಪೂರ್ತಿ ಹೊರಗೆ. ಒಳ ಬೇರಿಂಗಿನ ಕಪ್ ಹಿತ್ತಾಳೆ ಕಂಬಿಯಲ್ಲಿ ತಟ್ಟಿ ಇಳಿಸಿದೆವು. ಹಿಂದಿನ ಶಿಮ್ಮಿಂದ 0.10 ತೆಗೆದೆವು. ನಾನು ತಪ್ಪಾಗಿ ಕೂಡಿಸಿದ್ದು 0.05, ಕಳೆಯಬೇಕಾಗಿದ್ದದ್ದು 0.05. ಇಲ್ಲೊಂದು ಸೂಕ್ಷ್ಮ ಇದೆ. ಒಳಗೆ ಎಷ್ಟು ಶಿಮ್ ತೆಗೆದೆವೋ ಪಿನಿಯನ್ನಿನ ಹೊರ ಬೇರಿಂಗಿನ ಹತ್ತಿರದ ಶಿಮ್ಮಿಂದಲೂ ಅಷ್ಟೇ ತೆಗೆಯಬೇಕು. ಇಲ್ಲಾಂದ್ರೆ ನಟ್ಟು ಎಷ್ಟು ಬಿಗಿ ಮಾಡಿದರೂ ಬೇರಿಂಗ್ ಸಡಿಲ ಉಳಿಯುತ್ತದೆ.

ಎರಡನೇ ಸಲದ ಅಚ್ಚು ನಡುವೆ ಬಿತ್ತು, ಹೆಬ್ಬೆರಳಿನ ಉಗುರಿನ ಆಕಾರ. ಬ್ಯಾಕ್‌ಲ್ಯಾಶ್ (ಹಲ್ಲು ಹಲ್ಲಿನ ನಡುವಿನ ಆಟ) ಡಯಲ್ ಗೇಜಿನಲ್ಲಿ 0.38 ಮಿ.ಮೀ. ತೋರಿಸಿತು, ಜಾಸ್ತಿ. ಬಲಗಡೆಯ ಶಿಮ್ ಸ್ವಲ್ಪ ಎಡಕ್ಕೆ ದಾಟಿಸಿದೆವು. ಮೂರನೇ ಸಲಕ್ಕೆ 0.17. ಚಾಚಾ ಅಷ್ಟಕ್ಕೆ ಬಿಡು ಅಂದರು. ಶಿಮ್ ಪ್ಯಾಕೆಟ್ಟಿಗೆ ₹450.

ನಮ್ಮ 43/8 ಸೆಟ್ ಮಾವನ ಮುಂದಿನ ಹೌಸಿಂಗಿಗೆ ಹೋಯಿತು. ಅಲ್ಲಿ ಅಚ್ಚು ನೋಡಲಿಲ್ಲ, ಕೈಯಲ್ಲಿ ತಿರುಗಿದರೆ ಸಾಕು ಅಂತ ಬಿಟ್ಟೆವು. ಅದನ್ನು ಮುಚ್ಚಿಡುವುದು ಸರಿಯಲ್ಲ. ನಾಳೆ ಯಾರಾದರೂ ಇಂಜಿನ್ ಕೂರಿಸಿ ಓಡಿಸಿದರೆ? ಹೌಸಿಂಗಿನ ಕವರ್ ಮೇಲೆ ಬಿಳಿ ಪೇಂಟಿನಲ್ಲಿ ಬರೆದೆ: "43/8. ಹಿಂದೆ ಹಲ್ಲು ಮುರಿದಿದೆ. ಮುಂದೆ ಸೆಟ್ ಮಾಡಿಲ್ಲ. ಓಡಿಸಬೇಡಿ."

6. ಮೇ 10, 11: ಟ್ರಾನ್ಸ್‌ಫರ್

ಇಷ್ಟು ಬಿಚ್ಚಿದ ಮೇಲೆ ಟ್ರಾನ್ಸ್‌ಫರ್ ಬಿಡುವುದು ಬೇಡ ಅನಿಸಿತು. ಕೆಳಗಿನ ತಗಡು ತೆಗೆದು ಎರಡನ್ನೂ ನೋಡಿದೆವು. ನಮ್ಮ ಕೇಸಿನ ನಡುವಿನ ಶಾಫ್ಟ್ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗೀರು. ಲೋ ಕಳಚುತ್ತಿದ್ದದ್ದು ಇದಕ್ಕೇ. ಮಾವನದು ನುಣುಪಾಗಿತ್ತು. ಪೂರ್ತಿ ಕೇಸ್ ಬದಲಿಸಿದೆವು.

ಆಯಿಲ್ ಇಳಿಸಿ, ಎರಡು ಪ್ರೊಪೆಲರ್ ಶಾಫ್ಟ್, ಸ್ಪೀಡೋ ಕೇಬಲ್, ಹ್ಯಾಂಡ್ ಬ್ರೇಕ್ ಕಡ್ಡಿ, ಲಿವರ್ ಪಿನ್ನು ಬಿಚ್ಚಬೇಕು. ಗೇರ್ ಬಾಕ್ಸಿಗೆ ಕೆಳಗಿಂದ ಆಸರೆ ಕೊಡಬೇಕು. ಆಮೇಲೆ ಕೇಸಿನ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಮೇನ್ ಶಾಫ್ಟಿನ ದೊಡ್ಡ ನಟ್ಟು, ಸ್ಪ್ಲಿಟ್ ಪಿನ್ ಸಮೇತ ಕಾಣುತ್ತದೆ. ಅದಕ್ಕೆ ಹೊಂದುವ ಬಾಕ್ಸ್ ಪಾನ ಸಿಗಲಿಲ್ಲ. ಲೇತ್ ಅಂಗಡಿಯಲ್ಲಿ ₹350 ಕೊಟ್ಟು ಮಾಡಿಸಿದೆ. ಆ ನಟ್ಟು, ಗೇರು ಬಂದ ಮೇಲೆ ಐದು ಬೋಲ್ಟ್. ಕೇಸ್ ಎಳೆಯುವಾಗ ಮೇನ್ ಶಾಫ್ಟ್ ಜೊತೆಗೇ ಹಿಂದಕ್ಕೆ ಬರಬಾರದು, ಬಂದರೆ ಗೇರ್ ಬಾಕ್ಸ್ ಒಳಗೆ ಎಲ್ಲಾ ಕಳಚುತ್ತದೆ. ಚಾಚಾ ಅದನ್ನು ತಂತಿಯಲ್ಲಿ ಬಿಗಿದು ಕಟ್ಟಿದರು.

ಮಾವನ ಕೇಸಿಗೆ ಹೊಸ ಥ್ರಸ್ಟ್ ವಾಷರ್, ಸೂಜಿ ರೋಲರ್, ಪ್ಯಾಕಿಂಗ್ ಹಾಕಿದೆವು, ₹2,400. ರೋಲರುಗಳನ್ನು ಗ್ರೀಸಿನಲ್ಲಿ ಅಂಟಿಸಿ, ಅಷ್ಟೇ ದಪ್ಪದ ಮರದ ಗೂಟ ಹಾಕಿ ಹಿಡಿದಿಟ್ಟು, ಗೂಟ ತಳ್ಳುತ್ತಾ ಶಾಫ್ಟ್ ನುಗ್ಗಿಸಬೇಕು. ಮೊದಲ ಸಲ ಗೂಟ ಗಿಡ್ಡ ಆಗಿ ಅಷ್ಟೂ ರೋಲರ್ ತಟ್ಟೆಗೆ ಉದುರಿದವು. ಎಣಿಸಿ ಮತ್ತೆ ಅಂಟಿಸಿದೆ. ಎರಡನೇ ಸಲ ಕೂತವು. ಅತ್ತೆ ಒಗ್ಗರಣಿ, ಮಿರ್ಚಿ ತಂದಿಟ್ಟು ಒಂದು ತಾಸಾಗಿತ್ತು, ತಣ್ಣಗಾದದ್ದನ್ನೇ ತಿಂದೆವು.

ಕೇಸಿನ ಹಿಂದಿನ ಮುಖ ಉಜ್ಜಿ ಶುಚಿ ಮಾಡಿದ್ದು ನಾನು. ಹಳೇ ಪ್ಯಾಕಿಂಗ್ ಚಕ್ಕೆಗಳ ಜೊತೆ ಎರಡು ತೆಳು ತಗಡಿನ ಬಳೆಗಳೂ ಬಂದವು. ಅವೂ ಪ್ಯಾಕಿಂಗೇ ಅಂತ ಕಸಕ್ಕೆ ಹಾಕಿದೆ.

7. ಮೇ 11ರ ಸಂಜೆಯಿಂದ 18: ಬಿಸಿ

ಮನೆಗೆ ಅಂತ ಹೊರಟು ಎಂಟು ಕಿಲೋಮೀಟರ್ ಆಗಿರಬಹುದು. ಕಾಲ ಕೆಳಗಿನಿಂದ ಸುಟ್ಟ ಆಯಿಲ್ ವಾಸನೆ. ನಿಲ್ಲಿಸಿ ಹ್ಯಾಂಡ್ ಬ್ರೇಕ್ ಡ್ರಮ್ ಹತ್ತಿರ ಕೈ ಇಟ್ಟರೆ ಒಂದು ಸೆಕೆಂಡ್ ಇಡಲಾಗಲಿಲ್ಲ. ಬ್ರೇಕ್ ಹಿಡಿದಿರಬೇಕು ಅಂದುಕೊಂಡು ಸಡಿಲ ಮಾಡಿದೆ. ಎರಡು ಕಿಲೋಮೀಟರ್ ಹೋಗಿ ನೋಡಿದರೆ ಅಷ್ಟೇ ಬಿಸಿ. ಮುಂದಿನ ಔಟ್‌ಪುಟ್ ಕಡೆ ಮುಟ್ಟಿದರೆ ಬೆಚ್ಚಗೆ ಮಾತ್ರ. ಹಿಂದಿನ ಬೇರಿಂಗೇ ಬಿಗಿಯಾಗಿದೆ ಅಂತ ಗೊತ್ತಾಯಿತು. ನಿಧಾನ ತಿರುಗಿಸಿಕೊಂಡು ಮಾವನ ಮನೆಗೇ ಬಂದೆ.

ನಾನು ಎಸೆದ ತಗಡಿನ ಬಳೆಗಳು ಶಿಮ್. ಹಿಂದಿನ ಔಟ್‌ಪುಟ್ ಶಾಫ್ಟಿನ ಬೇರಿಂಗಿಗೆ ಎಷ್ಟು ಆಟ ಇರಬೇಕು ಅನ್ನುವುದು ಆ ಶಿಮ್ಮಿಂದ ನಿಲ್ಲುತ್ತದೆ. 0.10ರಿಂದ 0.20 ಮಿ.ಮೀ. ಆಟ ಬೇಕು. ಶಿಮ್ ಕಡಿಮೆ ಆದಷ್ಟೂ ಬಿಗಿ. ನಾನು ಆಟ ಅನ್ನುವುದೇ ಇಲ್ಲದ ಹಾಗೆ ಮಾಡಿದ್ದೆ. ಕಸ ಆಗಲೇ ತಿಪ್ಪೆ ಸೇರಿತ್ತು. ಒಂದು ತಾಸು ಹುಡುಕಿದೆ, ಸಿಗಲಿಲ್ಲ.

ಮೇ 17ಕ್ಕೆ ಮತ್ತೆ ಬಂದು ಬಿಚ್ಚಿದೆವು. ಬೇರಿಂಗ್ ಬಣ್ಣ ತಿರುಗಿರಲಿಲ್ಲ, ಅದೊಂದು ಪುಣ್ಯ. ಸೀಲ್ ಮಾತ್ರ ಗಟ್ಟಿಯಾಗಿತ್ತು, ಬದಲಿಸಿದೆವು. ನಮ್ಮ ಹಳೇ ಕೇಸಿನ ಶಿಮ್‌ಗಳನ್ನು ಮಾವನ ಜೀಪಿಂದ ಬಿಚ್ಚಿ ಒಂದೊಂದೇ ಸೇರಿಸುತ್ತಾ ಡಯಲ್ ಗೇಜ್ ಹಚ್ಚಿದೆವು. 0.15ಕ್ಕೆ ನಿಲ್ಲಿಸಿದೆವು. 18ರಂದು ಮನೆವರೆಗೆ ಓಡಿಸಿದೆ. ಪ್ರತಿ ಇಪ್ಪತ್ತು ಕಿಲೋಮೀಟರಿಗೆ ನಿಲ್ಲಿಸಿ ಕೈ ಇಟ್ಟು ನೋಡಿದೆ. ಬೆಚ್ಚಗೆ, ಅಷ್ಟೇ.

8. ಮೇ 25: ಹೊಲದಲ್ಲಿ

ಕೆಸರು, ಒಣ ಮಣ್ಣು, ಟಾರ್, ಮೂರರಲ್ಲೂ ಫೋರ್ ವೀಲ್ ಹಾಕಿ ತೆಗೆದೆ. ಟಾರ್ ರಸ್ತೆಯಲ್ಲಿ ಬರೀ ನೋಡಲಿಕ್ಕೆ ಅಂತ, ನೇರವಾಗಿ ಸ್ವಲ್ಪವೇ ದೂರ. ಲೋ ಹಾಕಿ ಖಾಲಿ ಟ್ರೇಲರ್ ದಂಡೆ ಹತ್ತಿಸಿದೆ, ಲಿವರ್ ಕಳಚಲಿಲ್ಲ. ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ಹಿಡಿಯಿತು. ಇದು ಎಷ್ಟೋ ವರ್ಷದ ಮೇಲೆ.

ಸ್ಪೀಡೋಮೀಟರ್ ಈಗ ಕಡಿಮೆ ತೋರಿಸುತ್ತದೆ. ಅದು ಟ್ರಾನ್ಸ್‌ಫರಿನ ಔಟ್‌ಪುಟ್ಟಿಂದ ಓಡುವುದರಿಂದ ಕ್ರೌನ್ ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಮುಳ್ಳು 40ರಲ್ಲಿದ್ದಾಗ ಫೋನಿನ ಜಿಪಿಎಸ್ 44 ತೋರಿಸಿತು. ಭಾರ ಎಳೆಯುವಾಗ ಹಳೇ 43/8 ಮೇಲಿತ್ತು ಅನ್ನುವುದೂ ನಿಜ. ಮೊದಲಿನಷ್ಟು ನಿಧಾನವಾಗಿ ತೆವಳುವುದಿಲ್ಲ, ಕ್ಲಚ್ ಸ್ವಲ್ಪ ಜಾಸ್ತಿ ಬಳಸಬೇಕು. ಮುಂಗಾರಿನಲ್ಲಿ ತುಂಬಿದ ಟ್ರೇಲರ್ ಎಳೆದಾಗ ನೋಡಬೇಕು. ಬಲಗಡೆ ಮುಂದಿನ ಚಕ್ರ ತಿರುಗುವ ಕೀಲಿನ (ನಕಲ್) ಫೆಲ್ಟ್ ಸೀಲ್ ಇನ್ನೂ ಜಿನುಗುತ್ತಿದೆ. ಆ ಕೆಲಸ ಉಳಿದಿದೆ.

ಖರ್ಚು

ಮೇಲೆ ಬರೆದ ಲಾರಿ, ಯು ಬೋಲ್ಟ್, ಶಿಮ್, ಬಾಕ್ಸ್ ಪಾನ, ಟ್ರಾನ್ಸ್‌ಫರ್ ಸಾಮಾನು ಸೇರಿ ₹9,300. ಸೀಲ್‌ಗಳು ₹1,150. ಬ್ರೇಕ್ ಹೋಸ್, ಬ್ರೇಕ್ ಆಯಿಲ್ ₹900. 90 ನಂಬರಿನ ಗೇರ್ ಆಯಿಲ್ 5 ಲೀಟರ್ ₹1,900. ಚಾಚಾಗೆ ₹7,000. ಒಟ್ಟು ₹20,250, ಓಡಾಡಿದ ಡೀಸೆಲ್ ಬಿಟ್ಟು. ಮಾವ ಒಂದು ರೂಪಾಯಿ ಮುಟ್ಟಲಿಲ್ಲ.

ಹಿಂದಿನ ಕ್ರೌನ್ ಒಂದೇ ಮುರಿದಿದ್ದರೆ, ₹14,500 ಕೊಟ್ಟು 43/8ರದ್ದೇ ಹೊಸ ಸೆಟ್ ತರಿಸುವುದೇ ವಾಸಿ. ಮುಂದಿನದಕ್ಕೆ ಕೈ ಹಚ್ಚುವ ಪ್ರಮೇಯ ಬರುತ್ತಿರಲಿಲ್ಲ, ಟ್ರೇಲರಿಗೂ ಅದೇ ಒಳ್ಳೆಯದು. ಟ್ರಾನ್ಸ್‌ಫರೂ ಹೋಗಿದ್ದರಿಂದ ನಮಗೆ ಲೆಕ್ಕ ಸರಿಹೋಯಿತು.

18ರಂದು ಹೊರಡುವ ಮುಂಚೆ ಮಾವನ ಜೀಪನ್ನು ನಾಲ್ಕು ಜನ ತಳ್ಳಿ ಬೇವಿನ ಮರದ ನೆರಳಿಗೆ ಸರಿಯಾಗಿ ನಿಲ್ಲಿಸಿದೆವು. ಚಕ್ರ ಸರಾಗ ಉರುಳಿತು. ಮಾವ ಮಂಡಿಯೂರಿ ಕೂತು ಕೆಳಗೆ ಬಗ್ಗಿ ನಾನು ಪೇಂಟಿನಲ್ಲಿ ಬರೆದದ್ದನ್ನು ಒಂದೊಂದೇ ಅಕ್ಷರ ಓದಿದರು. "ಛಲೋ ಮಾಡಿದಿ. ನಿಂದ್ರಾಗೂ ಬರಿ" ಅಂದರು. ನಿನ್ನೆ ಹೊಲದಿಂದ ಬಂದು ಕವರ್ ಒರೆಸಿ ಬರೆದೆ: "39/8. ಹಿಂದೆ, ಮುಂದೆ ಎರಡೂ."